ಅಪ್ಪನಿಗೆ ಎಂಟು ಪ್ರಶ್ನೆ

ರೈಲು ಹಳಿಯ ಹಿಂದಿನ ಓಣಿಯಲ್ಲಿ ಒಬ್ಬ ವೆಲ್ಡರ್ ಇದ್ದ. ಅವನ ಹದಿನೇಳರ ಹಿರಿ ಮಗಳಿಗೆ ಮಾತು ತಡೆಯುತ್ತಿತ್ತು. ಪಾಠ ಓದಲು ಎದ್ದಾಗಲೆಲ್ಲ ಜೊತೆಯವರು ನಗುತ್ತಿದ್ದರು. ಒಂಬತ್ತನೆಯ ತರಗತಿಗೇ ಅವಳು ಶಾಲೆ ಬಿಟ್ಟಳು. ಆಮೇಲೆ ಹೊಸ್ತಿಲು ದಾಟುವುದೇ ಅಪರೂಪವಾಯಿತು.

ಒಂದು ಭಾನುವಾರ ಪಕ್ಕದ ಮನೆಯ ನರ್ಸಮ್ಮ ಬಂದರು.

"ಅಣ್ಣಾ, ಸಮುದಾಯ ಭವನದಲ್ಲಿ ಹುಡುಗ ಹುಡುಗಿಯರಿಗೆ ರೇಡಿಯೊ, ವಿಡಿಯೊ ಮಾಡೋದು ಕಲಿಸ್ತಾರೆ. ಮಗಳನ್ನ ಕಳಿಸಿ."

"ಮಾತೇ ಸರಿಯಾಗಿ ಬರಲ್ಲ, ರೇಡಿಯೊದಲ್ಲಿ ಏನು ಮಾಡ್ತಾಳೆ? ಅಲ್ಲೂ ನಗ್ತಾರೆ. ಹೊಲಿಗೆ ಕಲಿತರೆ ಹೊಟ್ಟೆಗಾದರೂ ಆಗುತ್ತೆ."

"ಹೊಲಿಗೆ ಬೇಡ ಅಂತ ನಾನೆಲ್ಲಿ ಅಂದೆ? ಇದು ವಾರಕ್ಕೆರಡು ಸಂಜೆ ಅಷ್ಟೆ. ಟೀವಿಯಲ್ಲಿ ನಮ್ಮ ಓಣಿ ಬರೋದು ಕಳ್ಳತನ ಆದಾಗ ಮಾತ್ರ. ಭವನದಲ್ಲಾದ್ರೆ ನಮ್ಮ ಮಕ್ಕಳು ನಮ್ಮ ಸುದ್ದಿ ತಾವೇ ಹೇಳ್ತಾರೆ. ನೀವೂ ಬಂದು ಕೂತು ನೋಡಿ. ಸರಿ ಕಾಣದಿದ್ರೆ ಬಿಡಿಸಿ."

"ನೀನೇನಂತೀಯ?" ಎಂದು ಅಪ್ಪ ಮಗಳನ್ನು ಕೇಳಿದ.

"ಹೋ... ಹೋಗ್ತೀನಿ."

ಮನೆಯವರೊಬ್ಬರ ಕೆಲಸದ ಬಗ್ಗೆ ಕೇಳಿಕೊಂಡು ಬನ್ನಿ ಎಂದು ಮೂರನೇ ವಾರ ಭವನದಲ್ಲಿ ಹೇಳಿದರು. ಮಗಳು ಎಂಟು ಪ್ರಶ್ನೆ ಬರೆದುಕೊಂಡು, ರೆಕಾರ್ಡರ್ ಹಿಡಿದು ಅಪ್ಪನ ಎದುರು ಕುಳಿತಳು. ಪ್ರತಿ ಪ್ರಶ್ನೆಗೂ ಹೊತ್ತು ಹಿಡಿಯಿತು. ಅಪ್ಪ ಕಾದ.

"ಕ... ಕಣ್ಣು ಯಾವಾಗಿಂದ ಉರಿಯುತ್ತೆ?"

ಅವನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

"ನಾಲ್ಕು ವರ್ಷ ಆಯ್ತು. ಮುಖಕ್ಕೆ ಹಿಡಿಯೋ ಶೀಲ್ಡ್ ಐದು ಜನಕ್ಕೆ ಒಂದೇ ಇರೋದು. ಅದರ ಗಾಜೂ ಒಡೆದಿದೆ. ಬಲಗಣ್ಣಲ್ಲಿ ಈಗ ಅಕ್ಷರ ಕಾಣಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ."

"ಇದನ್ನ ಎ... ಎಲ್ಲರಿಗೂ ಕೇಳಿಸಲಾ?"

"ಕೇಳಿಸು. ಹೆಸರು ಬೇಡ."

ತಿಂಗಳ ಕೊನೆಗೆ ಭವನದಲ್ಲಿ ಅದನ್ನು ಕೇಳಿಸಿದರು. ಮೊದಲು ಮಗಳು ಎದ್ದು ನಿಂತು ನಾಲ್ಕು ಮಾತು ಹೇಳಿದಳು. ಮೂರು ಸಲ ಮಾತು ತಡೆಯಿತು. ಯಾರೂ ನಗಲಿಲ್ಲ. ರೆಕಾರ್ಡರಿನಲ್ಲಿ ಅಪ್ಪನ ಧ್ವನಿ ನಿಂತ ಮೇಲೆ ಹಿಂದಿನ ಸಾಲಿನಿಂದ ಅವನ ವರ್ಕ್‌ಶಾಪಿನ ಇಬ್ಬರು ಎದ್ದರು. "ನಮ್ಮದೂ ಇದೇ ಪಾಡು," ಎಂದರು.

ಸೋಮವಾರ ಐದೂ ಜನ ಒಟ್ಟಿಗೆ ಮಾಲೀಕನ ಬಳಿ ಹೋದರು. ಅವನು ಗೊಣಗಿದ. ಆದರೂ ಹದಿನೈದು ದಿನದಲ್ಲಿ ಐದು ಹೊಸ ಶೀಲ್ಡ್ ಬಂದವು. ನರ್ಸಮ್ಮ ವೆಲ್ಡರನನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದರು. ಬಲಗಣ್ಣು ಮೊದಲಿನಂತಾಗದು ಎಂದರು ವೈದ್ಯರು. ಎಡಗಣ್ಣು ಉಳಿಯಿತು.

ಮಗಳಿಗೆ ಮಾತು ಈಗಲೂ ತಡೆಯುತ್ತದೆ. ಆದರೆ ಭವನಕ್ಕೆ ಹೊಸದಾಗಿ ಬಂದವರಿಗೆ ರೆಕಾರ್ಡರ್ ಹಿಡಿಯುವುದನ್ನು ಅವಳೇ ಕಲಿಸುತ್ತಾಳೆ. ಹತ್ತನೆಯ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದ್ದಾಳೆ.

ಮೊನ್ನೆ ವೆಲ್ಡರ್ ತಾನಾಗಿ ನರ್ಸಮ್ಮನ ಬಾಗಿಲಿಗೆ ಹೋದ.

"ಚಿಕ್ಕವಳನ್ನೂ ಸೇರಿಸ್ಕೋತಾರಾ?"

"ಅವಳು ವಟವಟ ಅಂತಾನೇ ಇರ್ತಾಳಲ್ಲ, ಅವಳಿಗ್ಯಾಕೆ?"

"ಇನ್ನೊಬ್ಬರು ಹೇಳೋದನ್ನ ಕೇಳಿಸಿಕೊಳ್ಳೋದು ಕಲೀಲಿ ಅಂತ."

ನಿಮ್ಮ ಬೀದಿಯ ಹತ್ತಿರವೂ ಇಂಥ ತರಗತಿ ಇದೆಯೇ ಎಂದು ವಿಚಾರಿಸಿ. ಮೂಲೆ ಹಿಡಿದು ಕೂತ ಮಗನೋ ಮಗಳೋ ಮನೆಯಲ್ಲಿದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಒಂದು ಸಂಜೆ ನೀವೂ ಕೂತು ನೋಡಿ. ಅವರು ನಿಮ್ಮ ಬದುಕಿನ ಬಗ್ಗೆ ಕೇಳಿದ ದಿನ, ಕೈಲಿದ್ದ ಕೆಲಸ ಕೆಳಗಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ.