ತೋಳಿಲ್ಲದ ಅಂಗಿ

ತಂಗಿಯ ಹೆಣದ ತೋಳು ಮುಚ್ಚುವಂತೆ ಅಣ್ಣ ಹೊದಿಕೆಯನ್ನು ಮೇಲಕ್ಕೆಳೆದ. ಅವನ ಹಿರಿಮಗಳು ಅದನ್ನು ಕೆಳಕ್ಕೆ ಸರಿಸಿದಳು. ಅಣ್ಣ ಬಂದವರಿಗೆ ಕುರ್ಚಿ ಹಾಕಿಸಿ ಬಂದು ಮತ್ತೆ ಎಳೆದ.

"ಬದುಕಿದ್ದಾಗ ಮುಚ್ಕೊಳ್ಳದವಳು ಅತ್ತೆ. ಈಗ್ಯಾಕಪ್ಪ?"

"ನಾಲ್ಕು ಜನ ನೋಡ್ತಾರೆ."

"ನೋಡ್ಲಿ."

ದರ್ಜಿಯಾಗಿದ್ದ ಅತ್ತೆಯ ಬಲತೋಳಿನ ಮೇಲೆ ಎಲೆಯಂಥ ಬಿಳಿಚಿದ ಮಚ್ಚೆ ಇತ್ತು. ಹುಟ್ಟುತ್ತಲೇ ಮಚ್ಚೆ, ಎಳವೆಯಲ್ಲಿ ಫಿಟ್ಸ್, ಆರನೇ ವರ್ಷಕ್ಕೆ ಮೂತ್ರಪಿಂಡದಲ್ಲಿ ಕ್ಯಾನ್ಸರ್. ಎಲ್ಲಕ್ಕೂ ಬೇರು ಒಂದೇ, ವಂಶದಲ್ಲಿ ಬರುವ ಅಪರೂಪದ ಕಾಯಿಲೆ, ಹುಡುಗಿ ಹತ್ತು ದಾಟುವುದು ಕಷ್ಟ ಎಂದಿದ್ದರು ದೊಡ್ಡ ಡಾಕ್ಟರು. ಅವಳು ಐವತ್ತು ದಾಟಿದಳು. ಆ ಡಾಕ್ಟರರ ಕೊನೆಯ ಕೋಟು ಹೊಲಿದವಳೂ ಅವಳೇ.

ನಿನ್ನೆ ರಾತ್ರಿ ನಿದ್ದೆಯಲ್ಲಿ ಫಿಟ್ಸ್ ಬಂದು ಹೋಗಿಬಿಟ್ಟಳು. ಅಣ್ಣ ಮಾತ್ರ ಕೇಳಿದವರಿಗೆಲ್ಲ ಹಾರ್ಟ್ ಅಟ್ಯಾಕ್ ಎನ್ನುತ್ತಿದ್ದ. ಅವಳ ಹೊಲಿಗೆ ಅಂಗಡಿಯ ಪಕ್ಕದ ಇಸ್ತ್ರಿಯವನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

"ಫಿಟ್ಸ್ ಬರುತ್ತೆ ಅನ್ನಿಸಿದ್ರೆ ಕತ್ತರಿ ನನ್ ಕೈಗೆ ಕೊಡೋರು. 'ಹಿಡ್ಕೋ, ಬಂದೆ' ಅನ್ನೋರು," ಎಂದ. "ಎದ್ದು ಸುಧಾರಿಸ್ಕೊಂಡು ಕತ್ತರಿ ಇಸ್ಕೊಳ್ಳೋರು. ಅವರು ಮುಚ್ಚಿಟ್ಟವರಲ್ಲ."

*

ಹೋದ ವಾರ ಹಿರಿಮಗಳು ತನ್ನ ಕೂಸು ಪುಟ್ಟಿಯನ್ನೆತ್ತಿಕೊಂಡು ಅತ್ತೆಯ ಅಂಗಡಿಗೆ ಬಂದಿದ್ದಳು. ಪುಟ್ಟಿಯ ತೋಳಿನಲ್ಲೂ ಅಂಥದೇ ಮಚ್ಚೆ. ಈಚೆಗೆ ಆಡುತ್ತಾಡುತ್ತಲೇ ಕತ್ತು ದಿಢೀರನೆ ಮುಂದಕ್ಕೆ ಬಾಗುತ್ತಿತ್ತು. ಪರೀಕ್ಷೆ ಮಾಡಿಸಲೇಬೇಕು, ತಡಮಾಡಬೇಡಿ ಎಂದಿದ್ದರು ಆಸ್ಪತ್ರೆಯಲ್ಲಿ. ಅಪ್ಪ ಬೇಡವೆಂದಿದ್ದ. ಕಿರಿಮಗಳ ಮದುವೆ ಮಾತು ಕುದುರುತ್ತಿತ್ತು, ಸುದ್ದಿ ಹಬ್ಬಿದರೆ ಮುರಿದುಬೀಳುತ್ತದೆಂಬ ಭಯ. ಮದುವೆ ಮುಗಿಯುವವರೆಗೆ ಮಗುವಿಗೆ ಉದ್ದ ತೋಳಿನ ಅಂಗಿ ಹಾಕು ಎಂದು ಅವನೇ ಬಟ್ಟೆ ಕೊಟ್ಟು ಕಳಿಸಿದ್ದ.

ಅತ್ತೆ ಎದೆಯ ಅಳತೆ, ಉದ್ದದ ಅಳತೆ ತೆಗೆದು ಟೇಪು ಕೊರಳಿಗೆ ಹಾಕಿಕೊಂಡಳು. ತೋಳಿನದು ಬೇಡವೇ ಎಂದರೆ ಬೇಡ ಎಂದಳು.

"ನಿಮ್ಮಪ್ಪಂಗೆ ಉದ್ದ ತೋಳು ಹೊಲಿದು ಹೊಲಿದು ನಂಗೆ ಸಾಕಾಗಿದೆ ಕಣೆ. ನಮ್ಮಮ್ಮ ನನ್ನನ್ನ ಮುಚ್ಚಿಟ್ಟಿದ್ರೆ ಆರನೇ ವರ್ಷಕ್ಕೇ ಮುಗೀತಿತ್ತು ನನ್ ಕತೆ. ಪುಟ್ಟಿನ ಆಸ್ಪತ್ರೆಗೆ ಕರ್ಕೊಂಡು ಹೋಗು."

ಎಂಥ ಬಿಸಿಲಿಗೂ ಅಪ್ಪ ಮಣಿಕಟ್ಟಿನ ಗುಂಡಿ ಬಿಚ್ಚಿದ್ದನ್ನು ತಾನು ಕಂಡೇ ಇಲ್ಲವೆಂಬುದು ಆಗ ಹಿರಿಮಗಳಿಗೆ ಹೊಳೆಯಿತು. ಕೇಳುವ ಧೈರ್ಯ ಆಗಲಿಲ್ಲ.

*

ಇಸ್ತ್ರಿಯವನು ಒಂದು ಪೊಟ್ಟಣ ತಂದುಕೊಟ್ಟ. ನಿನ್ನೆ ಸಂಜೆಯೇ ಹೊಲಿದು ಮುಗಿಸಿ ಇಸ್ತ್ರಿಗೆ ಕೊಟ್ಟಿದ್ದಳಂತೆ. ಹಳದಿ ಅಂಗಿ, ತೋಳೇ ಇಲ್ಲ. ಹಿರಿಮಗಳು ಒಳಕೋಣೆಯಲ್ಲಿ ಅದನ್ನು ಪುಟ್ಟಿಗೆ ತೊಡಿಸಿ, ಸೊಂಟದ ಮೇಲೆ ಕೂರಿಸಿಕೊಂಡು ಬಂದು, ಹೊದಿಕೆಯನ್ನು ಮತ್ತೆ ಕೆಳಕ್ಕೆ ಸರಿಸಿ ಅತ್ತೆಯ ಪಕ್ಕ ನಿಂತಳು.

ಅತ್ತೆಯ ತೋಳು, ಪುಟ್ಟಿಯ ತೋಳು ಎರಡನ್ನೂ ಮೊದಲು ಕಂಡದ್ದು ಗಂಡಿನ ತಾಯಿ, ಬೀಗಿತ್ತಿಯಾಗಬೇಕಿದ್ದವರು. ಮಗುವಿಗೆ ಅದೇನು ಎಂದು ಕೇಳಿದರು. ಸುಟ್ಟ ಕಲೆ ಎನ್ನಲು ಅಣ್ಣ ಬಾಯಿ ತೆರೆದ.

"ಅತ್ತೆಗಿದ್ದದ್ದೇ," ಎಂದಳು ಹಿರಿಮಗಳು. "ಅತ್ತೆ ಹೋಗಿದ್ದು ಫಿಟ್ಸ್‌ನಿಂದ. ನಾಳೆ ಪುಟ್ಟಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಇದು ವಂಶದಲ್ಲಿ ಬರೋದು. ಮನೆಯವರೆಲ್ಲ ಪರೀಕ್ಷೆ ಮಾಡಿಸ್ಕೋಬೇಕು."

ಬೀಗಿತ್ತಿಯ ಮುಖ ಬಿಗಿಯಿತು. ಅಣ್ಣ ಕಿರಿಮಗಳ ಕಡೆ ನೋಡಿದ. ಅವಳು ಎದ್ದು ಬಂದು ಅಕ್ಕನ ಪಕ್ಕ ನಿಂತಳು.

"ನನ್ನ ಮದುವೆಗೆ ಪುಟ್ಟಿನ ಅಡ ಇಡಬೇಡ ಅಪ್ಪ."

ಹೊರಗೆ ಗಾಡಿ ಬಂತು. ಹೆಗಲು ಕೊಡುವವರು ಬನ್ನಿ ಎಂದು ಯಾರೋ ಕರೆದರು. ಹಿರಿಮಗಳು ಪುಟ್ಟಿಯನ್ನು ಅಪ್ಪನ ಕೈಗೆ ದಾಟಿಸಿದಳು.

"ಹಿಡ್ಕೋ, ಬಂದೆ."

ಅವಳು ಹೋಗಿ ಮುಂದಿನ ತುದಿಗೆ ಹೆಗಲು ಕೊಟ್ಟಳು, ಇಸ್ತ್ರಿಯವನು ಇನ್ನೊಂದು ಬದಿಗೆ. ಅಣ್ಣ ಮಗುವನ್ನೆತ್ತಿಕೊಂಡು ಹಿಂದೆ ನಡೆದ. ಪುಟ್ಟಿಗೆ ಅವನ ಮಣಿಕಟ್ಟಿನ ಗುಂಡಿ ಸಿಕ್ಕಿತು. ತಿರುವಿದಳು, ಎಳೆದಳು. ಅವನು ತಡೆಯಲಿಲ್ಲ. ಗುಂಡಿ ಬಿಚ್ಚಿಕೊಂಡು ಅಂಗಿಯ ತೋಳು ಮೇಲೆ ಸರಿಯಿತು. ಪುಟ್ಟಿ ಅಜ್ಜನ ಕೈಯನ್ನೊಮ್ಮೆ, ತನ್ನ ತೋಳನ್ನೊಮ್ಮೆ ನೋಡಿ, ಅವನ ಮಚ್ಚೆಯ ಮೇಲೆ ಬೆರಳಿಟ್ಟಳು.