ಮೀಸೆಯ ಗೌರಾಮಿಗೆ ಜೊತೆ

ನಯನ ಗಂಡನ ಜೊತೆ ಮಾತು ಬಿಟ್ಟು ಅಂದಿಗೆ ಒಂಬತ್ತು ದಿನ.

ಗಂಡ ಯೋಗೇಂದ್ರ ಕೊಪ್ಪದ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು. ಸುಟ್ಟ ಮೋಟಾರು ಹೊತ್ತು ತಂದವರಿಗೆ ಅಲ್ಲಿ ಮೊದಲು ಬೈಗುಳ, ಆಮೇಲೆ ರಿಪೇರಿ. ಭಂಡಿಗಡಿಯ ಮನೆಯಲ್ಲೂ ಅದೇ ಗಂಟಲು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಕೂಗಾಡದ ದಿನ ಕಡಿಮೆ, ನಯನ ಸುಮ್ಮನೆ ಕೇಳಿಸಿಕೊಂಡ ದಿನ ಇನ್ನೂ ಕಡಿಮೆ. ಅವನು ಒಂದು ಅಂದರೆ ಅವಳು ನಾಲ್ಕು ಅನ್ನುತ್ತಿದ್ದಳು, ಇಬ್ಬರಿಗೂ ಊಟ ಸೇರುತ್ತಿತ್ತು. ಈ ಮೌನ ಮಾತ್ರ ಅವನಿಗೆ ಹೊಸದು.

ಆದದ್ದಿಷ್ಟು. ನಯನ ನಾಲ್ಕು ದಿನಕ್ಕೆಂದು ನಾರ್ವೆಯ ತವರಿಗೆ ಹೋಗಿದ್ದಳು. ಅವಳ ಹೊಲಿಗೆ ಮಷೀನಿನ ಪಕ್ಕದಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಏಳು ಕಪ್ಪು ಮೋಲಿ ಮೀನು, ಒಂದು ಗೌರಾಮಿ. ಹೆಂಡತಿ ಬರುವಷ್ಟರಲ್ಲಿ ಚೆಂದ ಮಾಡಿಡೋಣ ಎಂದು ಯೋಗೇಂದ್ರನಿಗೆ ಪ್ರೀತಿ ಉಕ್ಕಿತು. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯ ನೀರನ್ನೆಲ್ಲ ಅಂಗಳಕ್ಕೆ ಚೆಲ್ಲಿದ. ಕಲ್ಲುಗಳನ್ನು ಹಿತ್ತಾಳೆ ಪಾತ್ರೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದ. ಮೂಲೆಯಲ್ಲಿ ಚಿಪ್ಪಿನ ಚೂರು ತುಂಬಿದ ಬಟ್ಟೆಯ ಗಂಟೊಂದಿತ್ತು, ಕಸವೆಂದು ಎಸೆದ. ಆಮೇಲೆ ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರನ್ನು ಕಂಠಮಟ್ಟ ತುಂಬಿ, ಮೀನುಗಳನ್ನು ಮತ್ತೆ ಬಿಟ್ಟ. ಆ ನೀರೆಂದರೆ ಅವರ ಮನೆತನಕ್ಕೆ ಹೆಮ್ಮೆ. ಆಸ್ಪತ್ರೆಯಲ್ಲಿ ಮಲಗಿದ ನೆಂಟರಿಗೂ ಬಾಟಲಿಯಲ್ಲಿ ಅದನ್ನೇ ಒಯ್ಯುವ ಜನ ಅವರು. ಮನುಷ್ಯರಿಗೆ ಒಳ್ಳೆಯದಾದದ್ದು ಮೀನಿಗೆ ಆಗದೇ ಏನು?

ಆಗಲಿಲ್ಲ. ಮೋಲಿಗಳು ನಿಂತಲ್ಲೇ ತೂಗಾಡತೊಡಗಿದವು. ನಯನ ಬಂದು ಬ್ಯಾಗು ಇಳಿಸುವಾಗ ಏಳೂ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಗೌರಾಮಿ ಒಂದೇ ಉಳಿದಿತ್ತು.

ತಪ್ಪಾಯಿತು ಅನ್ನಬೇಕಿತ್ತು. ಅವನು ಅಂದದ್ದೇ ಬೇರೆ. "ಮೀನಲ್ವ ಮಾರಾಯ್ತಿ? ಹೋದ್ರೆ ಬೇರೆ ತಂದ್ರಾಯ್ತು. ಅದಕ್ಕೆ ಈ ಮುಖ ಯಾಕೆ?"

ಅಲ್ಲಿಗೆ ಮಾತು ನಿಂತಿತು. ಆಮೇಲೆ ಏನಿದ್ದರೂ ಕಾಲೇಜಿಗೆ ಹೋಗುವ ಮಗಳು ದೀಕ್ಷಾಳ ಮೂಲಕ.

"ನಿನ್ನ ಅಪ್ಪಂಗೆ ಹೇಳು, ಸ್ನಾನಕ್ಕೆ ನೀರು ಕಾದಿದೆ."

"ಅಪ್ಪಾ, ನೀರು ಕಾದಿದ್ಯಂತೆ."

"ಕೇಳ್ತು. ನಾನೆಂತ ಕಿವುಡನಾ?"

"ಅಮ್ಮಾ, ಅಪ್ಪ ಕಿವುಡ ಅಲ್ವಂತೆ."

ಒಂಬತ್ತನೆಯ ದಿನ ಯೋಗೇಂದ್ರನಿಗೆ ತಡೆಯಲಾಗಲಿಲ್ಲ. ಅಂಗಡಿಯ ಬಾಗಿಲೆಳೆದು, ಬೈಕು ಹತ್ತಿ, ನರಸಿಂಹರಾಜಪುರದ ಮೀನಿನ ಅಂಗಡಿಗೆ ಹೋದ. ಅಂಗಡಿಯವನು ನವೀನ, ಮೂವತ್ತರ ಆಸುಪಾಸು, ಅವಸರವೇ ಇಲ್ಲದ ಮನುಷ್ಯ. ಯೋಗೇಂದ್ರನಿಗೋ ಮೀನೆಂದರೆ ಶೃಂಗೇರಿಯಲ್ಲಿ ಹೊಳೆಗೆ ಮಂಡಕ್ಕಿ ಎರಚಿದ್ದು ಗೊತ್ತು, ಸಾರಿನಲ್ಲಿ ತಿಂದದ್ದು ಗೊತ್ತು, ಅಷ್ಟೇ. ಹಳದಿ ಮೈಗೆ ಕಪ್ಪು ಪಟ್ಟೆಯಿದ್ದ ಚುರುಕು ಮೀನುಗಳನ್ನು ತೋರಿಸಿ, "ಇದರಲ್ಲಿ ಏಳು ಕಟ್ಟು" ಎಂದ.

"ಮನೇಲಿ ಯಾವ ಮೀನಿದೆ ಅಣ್ಣ?"

"ಗೌರಾಮಿ."

"ಹಂಗಾರೆ ಬೇಡ. ಇವು ಟೈಗರ್ ಬಾರ್ಬ್. ಗೌರಾಮಿಗೆ ಉದ್ದ ಮೀಸೆ ಇರುತ್ತಲ್ಲ, ಅದನ್ನ ಜಗ್ಗಿ ಜಗ್ಗಿ ಕಚ್ತವೆ. ಪಾಪದ್ದು, ಮೂಲೆ ಸೇರ್ಕೊಂಡು ಸಾಯ್ತದೆ. ನೀರು ಯಾವ್ದು?"

"ಅಬ್ಬಿ ನೀರು. ನಮ್ಮ ನೀರಿನ ಬಗ್ಗೆ ಮಾತಾಡ್ಬೇಡ ನೀನು."

"ಒಳ್ಳೆ ನೀರೇ ಅಣ್ಣ, ಆದ್ರೆ ತೀರಾ ಮೆದು. ಮೋಲಿಗೆ ಸುಣ್ಣದ ಅಂಶ ಇರೋ ಗಡಸು ನೀರು ಬೇಕು. ಅದಕ್ಕೇ ಕೆಲವ್ರು ಚಿಪ್ಪಿನ ಚೂರು ಕಟ್ಟಿ ಇಡ್ತಾರೆ."

ಯೋಗೇಂದ್ರನಿಗೆ ತಾನು ಎಸೆದ ಗಂಟು ನೆನಪಾಯಿತು. ನವೀನ ಬಿಡದೆ ಕೇಳಿದ. ಗೌರಾಮಿ ಮೇಲೆ ಇರುತ್ತೋ, ನಡುವೆಯೋ? ಎಷ್ಟು ದೊಡ್ಡದು? ಹೆದರುತ್ತೋ, ಬೇರೆಯವನ್ನು ಓಡಿಸುತ್ತೋ? ಅಡಗಲು ಜಾಗ ಇದೆಯೋ?

"ನಾನು ಮೀನು ಕೇಳಕ್ಕೆ ಬಂದದ್ದಾ, ಹೆಣ್ಣು ಕೇಳಕ್ಕೆ ಬಂದದ್ದಾ?" ಯೋಗೇಂದ್ರ ಕೂಗಿದ. "ದುಡ್ಡು ಕೊಡ್ತೀನಿ, ಮೀನು ಕಟ್ಟು!"

"ಕಟ್ಟಲ್ಲ ಅಣ್ಣ. ಮೂರು ದಿನಕ್ಕೆ ಸತ್ರೆ ನನ್ನೇ ಬೈತೀರಿ." ನವೀನನ ದನಿ ಏರಲೇ ಇಲ್ಲ. "ಎಷ್ಟು ವರ್ಷ ಆಯ್ತು ಗೌರಾಮಿ ಮನೆಗೆ ಬಂದು?"

"ನಾಲ್ಕು."

"ನಾಲ್ಕು ವರ್ಷ ಒಂದೇ ಮನೇಲಿದ್ದು ಇಷ್ಟೂ ಗೊತ್ತಿಲ್ವ? ಹೋಗಿ ನೋಡ್ಕೊಂಡ್ ಬನ್ನಿ. ಇಲ್ಲಾ, ಸಾಕಿದವ್ರನ್ನ ಕೇಳ್ಕೊಂಡ್ ಬನ್ನಿ."

ಸಾಕಿದವಳು ಮಾತಾಡುತ್ತಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಬರಿಗೈಲಿ ವಾಪಸಾದ. ದಾರಿಯುದ್ದಕ್ಕೂ ನವೀನನನ್ನು ಬೈದ. ಊರು ಹತ್ತಿರವಾದಂತೆ ಬೈಗುಳ ತಾನಾಗಿ ತೆಳುವಾಯಿತು.

ಮರುದಿನ ಸಂಜೆ ಅಂಗಡಿಯಿಂದ ಬಂದವನೇ ಮಣೆ ಎಳೆದುಕೊಂಡು ತೊಟ್ಟಿಯ ಮುಂದೆ ಕುಳಿತ. ಕೈಯಲ್ಲೊಂದು ಕಾಗದ, ಕಿವಿಯಲ್ಲಿ ಪೆನ್ಸಿಲ್. ಪಕ್ಕದಲ್ಲೇ ನಯನ ಯಾರದೋ ರವಿಕೆಗೆ ತೋಳು ಕೂಡಿಸುತ್ತಿದ್ದಳು. ಅವಳು ಒಮ್ಮೆ ನೋಡಿದಳು, ಮತ್ತೆ ಸೂಜಿಯ ಕಡೆ ತಿರುಗಿದಳು.

ಮೊದಲ ಸಂಜೆ ಗೌರಾಮಿ ತೊಟ್ಟಿಯ ಮೂಲೆಗೆ ಒರಗಿಸಿದ್ದ ಹೆಂಚಿನ ತುಂಡಿನ ಹಿಂದಿನಿಂದ ಈಚೆ ಬರಲೇ ಇಲ್ಲ. ಯೋಗೇಂದ್ರ ಕಾಗದದಲ್ಲಿ 'ಹೆದರುತ್ತದೆ' ಎಂದು ಬರೆದ. ಎರಡನೆಯ ಸಂಜೆ ಒಂದು ಸಂಗತಿ ಕಂಡ. ಮಷೀನು ನಿಂತಿರುವಾಗ ಮೀನು ಅಡಗುತ್ತಿತ್ತು. ನಯನ ಪೆಡಲು ತುಳಿದರೆ ಮೆಲ್ಲಗೆ ಹೊರಬಂದು, ಮುತ್ತಿನ ಚುಕ್ಕೆಯ ಮೈಯನ್ನು ಅವಳ ಕಡೆಯ ಗಾಜಿಗೆ ಒತ್ತಿ ನಿಲ್ಲುತ್ತಿತ್ತು. ದಾರ ಮುಗಿದು ಮಷೀನು ನಿಂತರೆ ಮತ್ತೆ ಒಳಗೆ. ನಾಲ್ಕು ವರ್ಷ ಇದೇ ಕೋಣೆಯಲ್ಲಿ ಚಾ ಕುಡಿದಿದ್ದಾನೆ, ಒಮ್ಮೆಯೂ ನೋಡಿರಲಿಲ್ಲ. ಏನು ಬರೆಯುವುದೆಂದು ತಿಳಿಯದೆ ಪೆನ್ಸಿಲ್ ಹಿಡಿದು ಕುಳಿತ.

ಮೂರನೆಯ ಸಂಜೆ ಗಾಜಿಗೆ ಮೂಗು ತಾಗಿಸಿ ಮೀನನ್ನೇ ಕೇಳಿದ, "ನಿಂಗೆ ಎಂತ ಜೊತೆ ಬೇಕು ಹೇಳೋ ಮಾರಾಯ. ಗಂಡಸಾಗಿ ಇಷ್ಟು ಪುಕ್ಕಲಾದ್ರೆ ಹೆಂಗೆ?"

ಮಷೀನು ನಿಂತಿತು.

"ಅದು ಹೆಣ್ಣು," ಎಂದಳು ನಯನ.

ಯೋಗೇಂದ್ರ ಅಲ್ಲಾಡಲಿಲ್ಲ. ಅಲ್ಲಾಡಿದರೆ ಮಾತು ಎಲ್ಲಿ ಹೆಂಚಿನ ಹಿಂದೆ ಓಡುತ್ತದೋ ಎಂಬ ಭಯ. "ಮೀಸೆ ಇದ್ಯಲ್ಲ?"

"ಮೀಸೆ ಇದ್ದವ್ರೆಲ್ಲ ಗಂಡಸ್ರಾ? ಗಂಡಾದ್ರೆ ಕುತ್ತಿಗೆ ಕೆಳಗೆ ಕೆಂಪಿರ್ತದೆ." ಅವಳು ಕೈ ಚಾಚಿದಳು. "ಎಂತ ಬರ್ದಿದ್ದು, ಕೊಡಿ ಇಲ್ಲಿ."

ಕಾಗದದಲ್ಲಿ ಹೆಚ್ಚೇನೂ ಇರಲಿಲ್ಲ. ಹೆದರುತ್ತದೆ. ನಡು ನೀರಿನಲ್ಲಿ ಓಡಾಟ, ಆಗಾಗ ಗಾಳಿಗೆ ಮೇಲೆ ಬರುತ್ತದೆ. ಕೆಳಗಡೆ ಜಾಗ ಖಾಲಿ. ಕೊನೆಯ ಸಾಲು: ನಯನ ಹೊಲಿಯುವಾಗ ಮಾತ್ರ ಖುಷಿ.

ಅವಳು ಆ ಸಾಲನ್ನು ಬಹಳ ಹೊತ್ತು ಓದಿದಳು.

"ಏಳೂ ಮೀನು ಕೊಂದವ ನಾನೇ," ಎಂದ ಯೋಗೇಂದ್ರ, ತೊಟ್ಟಿಯ ಕಡೆಗೇ ನೋಡುತ್ತ. "ಬೇರೆ ತಂದ್ರಾಯ್ತು ಅಂದದ್ದು ಅದಕ್ಕಿಂತ ತಪ್ಪು."

"ಹೂಂ," ಎಂದಳು ಅವಳು. ಕಾಗದವನ್ನು ಮಡಚಿ ಮಷೀನಿನ ಖಾನೆಗೆ ಸೇರಿಸುತ್ತ, "ಭಾನುವಾರ ನಾನೂ ಬರ್ತೀನಿ. ನಿಮ್ಮನ್ನ ಒಬ್ರನ್ನೇ ಬಿಟ್ರೆ ಮೊಸಳೆ ತರ್ತೀರಿ."

ಭಾನುವಾರ ನವೀನನ ಅಂಗಡಿಯಲ್ಲಿ ಯೋಗೇಂದ್ರ ಬಾಯಿಗೆ ಬೀಗ ಹಾಕಿ ನಿಂತ. ನಯನ ತೊಟ್ಟಿಯಿಂದ ತೊಟ್ಟಿಗೆ ಹೋದಳು. ಏಂಜೆಲ್ ಬೇಡ, ದೊಡ್ಡದಾದ ಮೇಲೆ ದರ್ಬಾರು ಮಾಡುತ್ತದೆ. ಗೋಲ್ಡ್‌ಫಿಶ್ ಬೇಡ, ಗಲೀಜು. ಕೊನೆಗೆ ತಾಮ್ರದ ಬಣ್ಣದ ಪುಟ್ಟ ರಾಸ್ಬೋರಗಳ ಮುಂದೆ ನಿಂತಳು. ಗುಂಪಾಗಿ ಒಟ್ಟಿಗೇ ತಿರುಗುತ್ತಿದ್ದವು, ಯಾರ ತಂಟೆಗೂ ಹೋಗುತ್ತಿರಲಿಲ್ಲ.

"ಒಳ್ಳೆ ಆಯ್ಕೆ ಅಕ್ಕ," ಎಂದ ನವೀನ. "ಇವು ಗುಂಪಿನಲ್ಲಿ ಧೈರ್ಯವಾಗಿ ಓಡಾಡೋದು ನೋಡಿ ಗೌರಾಮಿನೂ ಹೊರಗೆ ಬರ್ತದೆ. ಎಂಟಾದ್ರೂ ಇರ್ಲಿ. ಮೆದು ನೀರೇ ಇವಕ್ಕೆ ಬೇಕಾದ್ದು."

"ಕೇಳ್ತಾ?" ನಯನ ಗಂಡನ ಕಡೆ ತಿರುಗಿದಳು. "ನಿಮ್ಮ ಅಬ್ಬಿ ನೀರು ಕೊನೆಗೂ ಯಾರಿಗೋ ಆಗ್ತದೆ."

ತಳದಲ್ಲಿ ಮೇಯುವ ನಾಲ್ಕು ಕೋರಿ ಮೀನುಗಳನ್ನೂ ಯೋಗೇಂದ್ರ ಕಟ್ಟಿಸಲು ಹೋದ. ನಯನ ತಡೆದಳು. ನೀರು ಇನ್ನೂ ಪಳಗಿಲ್ಲ, ಒಟ್ಟಿಗೆ ತುಂಬಿದರೆ ಕೆಡುತ್ತದೆ, ಕೋರಿಗಳು ಮುಂದಿನ ತಿಂಗಳು.

ವಾಪಸು ಬರುವಾಗ ಮೀನಿನ ಚೀಲ ಅವಳ ಮಡಿಲಲ್ಲಿತ್ತು. ಊರು ದಾಟುತ್ತಲೇ ಬೈಕು ಒಂದು ಹೊಂಡಕ್ಕೆ ಇಳಿದು ಎದ್ದಿತು. ಶುರುವಾಯಿತು. "ಕಣ್ಣು ಎಲ್ಲಿಟ್ಟಿದ್ದೀರಿ? ಮೀನು ಒಯ್ತಿದ್ದೀರಾ, ಗೊಬ್ಬರದ ಮೂಟೆ ಒಯ್ತಿದ್ದೀರಾ? ಮನೆಗೆ ಹೋಗಿ ಚೀಲ ಸೀದಾ ಸುರಿದ್ರೆ ನೋಡಿ! ಮೊದ್ಲು ಅರ್ಧ ಗಂಟೆ ತೇಲಿಸ್ಬೇಕು. ಮತ್ತೆ ಆ ಕಲ್ಲಿಗೆ ಹುಣಸೆಹಣ್ಣು ಹಾಕ್ಲಿಕ್ಕೆ ಯಾರು ಹೇಳಿದ್ದು ನಿಮ್ಗೆ? ಅದೆಂತ ದೇವರ ದೀಪವಾ?"

ಹನ್ನೆರಡು ದಿನದ ಬಾಕಿ ಮಾತು ಒಟ್ಟಿಗೇ ಬರುತ್ತಿತ್ತು. ಮುಂದೆ ರಸ್ತೆ ನುಣ್ಣಗಿತ್ತು, ಎದುರಿಗೆ ಒಂದು ಗಾಡಿಯೂ ಇರಲಿಲ್ಲ. ಯೋಗೇಂದ್ರ ಗೇರು ಇಳಿಸಿ, ಬೈಕನ್ನು ಇನ್ನಷ್ಟು ನಿಧಾನ ಮಾಡಿದ.