ಕಿಟಕಿಯ ಮೇಲಿನ ಟ್ಯಾಂಕು

ನನ್ನ ಅಡುಗೆಮನೆಯ ಕಿಟಕಿಯಲ್ಲಿ ಹೂಕುಂಡ ಇಡಬೇಕಾದ ಜಾಗದಲ್ಲಿ ಇಪ್ಪತ್ತು ವರ್ಷದಿಂದ ಒಂದು ಸೈಕಲ್ ಟ್ಯಾಂಕು ಕೂತಿತ್ತು. ಹೆಸರಿಗಷ್ಟೇ ಟ್ಯಾಂಕು. ಅದರಲ್ಲಿ ಪೆಟ್ರೋಲೂ ಇಲ್ಲ, ನೀರೂ ಇಲ್ಲ. ಸೈಕಲ್ಲಿನ ಮೇಲಿನ ಎರಡು ಕೊಳವೆಗಳ ನಡುವೆ ಕೂರುವ ತಗಡಿನ ಪೆಟ್ಟಿಗೆ ಅದು, ಒಳಗೊಂದು ಹಾರ್ನು. ಎರಡನೇ ಮಹಾಯುದ್ಧಕ್ಕೆ ಮುಂಚೆ ಹುಡುಗರ ಸೈಕಲ್ಲು ಮೋಟರ್ ಸೈಕಲ್ಲಿನ ಹಾಗೆ ಕಾಣಲಿ ಅಂತ ಯಾರೋ ಪುಣ್ಯಾತ್ಮ ಮಾಡಿದ್ದು. ಅದನ್ನು ಒರೆಸಿ ಒರೆಸಿ ನನ್ನ ಅರ್ಧ ಆಯುಷ್ಯ ಕಳೆಯಿತು.

ಅದು ಕೂರಬೇಕಾದ ಸೈಕಲ್ಲು ಇರುವುದು ನನ್ನ ಗಂಡನ ಹಳೇ ಗೆಳೆಯ ಡೆಲ್ಬರ್ಟನ ಶೆಡ್ಡಿನಲ್ಲಿ, ಪಕ್ಕದ ಟ್ರಾಯ್ ಎಂಬ ಊರಿನಾಚೆ. ಯಾರದೋ ಕೊಟ್ಟಿಗೆಯ ಅಟ್ಟದಿಂದ ಅವನು ಅದನ್ನು ಇಳಿಸಿಕೊಂಡು ಬಂದಾಗ ಟ್ಯಾಂಕೊಂದೇ ಇರಲಿಲ್ಲ. ಮುಂದಿನ ವಸಂತದ ಹಳೇ ಸೈಕಲ್ ಸಂತೆಯಲ್ಲಿ, ತುಕ್ಕು ಹಿಡಿದ ಪೆಡಲುಗಳ ರಾಶಿಯ ಕೆಳಗೆ, ಅಂಥದ್ದೇ ಟ್ಯಾಂಕು ನನ್ನ ಗಂಡ ಹಾರ್ಲನ್‌ಗೆ ಸಿಕ್ಕಿತು. ಡೆಲ್ಬರ್ಟ್ ಆಗ ಪಕ್ಕದ ಸಾಲಿನಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದನಂತೆ. ಆ ಕಾಫಿಯನ್ನು ಅವನು ಇಂದಿಗೂ ಶಪಿಸುತ್ತಾನೆ.

ಅವತ್ತಿನಿಂದ ಪ್ರತಿ ಭಾನುವಾರ ಚರ್ಚ್ ಮುಗಿಸಿ ಡೆಲ್ಬರ್ಟ್ ನಮ್ಮ ಮನೆಗೆ ಬರುತ್ತಿದ್ದ. ಟೋಪಿ ತೆಗೆಯುವ ಮೊದಲೇ ಕಿಟಕಿಯ ಕಡೆ ನೋಡುತ್ತಿದ್ದ.

"ಕೊಡ್ತೀಯೇನೋ?"

"ಸೈಕಲ್ ತಂದಿದ್ದೀಯಾ?" ಅಂತ ಹಾರ್ಲನ್. ಅವನಿಗೆ ಆ ಸೈಕಲ್ಲೇ ಬೇಕಿತ್ತು.

"ನನ್ನ ಹೆಣದ ಮೇಲೆ ತಗೋ."

"ಹಾಗಾದ್ರೆ ಬಾಯ್ಮುಚ್ಕೊಂಡು ಸೇಬಿನ ಪೈ ತಿನ್ನು."

ಆಮೇಲೆ ಕತ್ತಲಾಗುವವರೆಗೆ ಜಗಳ. ಕ್ರೋಮ್ ಲೇಪದ ತುಕ್ಕನ್ನು ಹೇಗೆ ತೆಗೆಯಬೇಕು ಎಂಬುದರಿಂದ ಹಿಡಿದು ದೇವರಿದ್ದಾನೋ ಇಲ್ಲವೋ ಎಂಬಲ್ಲಿಯವರೆಗೆ. ಹೊಸ ಬಣ್ಣ ಬಳಿಯಬಾರದು ಎಂಬುದೊಂದರಲ್ಲಿ ಮಾತ್ರ ಇಬ್ಬರದೂ ಒಂದೇ ಮತ. ಕಾರ್ಖಾನೆಯ ಬಣ್ಣ ಎಷ್ಟೇ ಉದುರಿರಲಿ, ಅದನ್ನು ಕೆರೆದವನ ಜೊತೆ ಹಳೇ ಸೈಕಲ್ ಕೂಡಿಡುವ ನಮ್ಮ ಜನ ಊಟಕ್ಕೂ ಕೂರುವುದಿಲ್ಲ. ಎರಡು ಮುದಿ ಟಗರುಗಳ ನಡುವೆ ಸಿಕ್ಕಿಹಾಕಿಕೊಂಡಿದ್ದೇನೆ ಅಂತ ನಾನು ಅಕ್ಕಪಕ್ಕದವರ ಹತ್ತಿರ ಗೊಣಗುತ್ತಿದ್ದೆ.

ಈ ಮಾರ್ಚಿನಲ್ಲಿ ಹಾರ್ಲನ್ ತೀರಿಕೊಂಡ.

ಸತ್ತವರ ಗ್ಯಾರೇಜಿನ ಮಾತನ್ನು ಒಂದು ತಿಂಗಳು ಎತ್ತಬಾರದು ಎಂಬುದು ಸೈಕಲ್ಲಿನವರಲ್ಲಿ ಒಂದು ಕಟ್ಟಲೆ. ಕಟ್ಟಲೆ ಇರುವುದೇ ಮುರಿಯುವುದಕ್ಕೆ. ಹಾರ್ಲನ್‌ನನ್ನು ಮಣ್ಣು ಮಾಡಿ ಬಂದ ದಿನವೇ, ಚರ್ಚಿನ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಸಲಾಡ್ ಬಡಿಸುವಾಗಲೇ ಒಬ್ಬ ನನ್ನ ಕೈ ಹಿಡಿದುಕೊಂಡ.

"ವೆಲ್ಡಾ, ಏನೇ ಸಹಾಯ ಬೇಕಾದ್ರೂ ಕೇಳು. ಅಂದಹಾಗೆ, ಹಾರ್ಲನ್‌ನ ಆ ಎರಡು ಕಣ್ಣಿನ ಸೈಕಲ್ ದೀಪ ಇನ್ನೂ ಇದೆಯಾ?"

ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಕಡೆ ಇರುತ್ತಾರೆ. ಡೆಲ್ಬರ್ಟ್ ಮಾತ್ರ ಏನೂ ಕೇಳಲಿಲ್ಲ. ಮೂಲೆಯಲ್ಲಿ ಕೂತು, ತಟ್ಟೆ ಮುಟ್ಟದೆ ಎದ್ದು ಹೋದ. ಆಮೇಲಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದ್ದಕ್ಕೂ ಬರಲಿಲ್ಲ. ನಾನು ಪೈ ಮಾಡಿ ಮಾಡಿ ಹಕ್ಕಿಗಳಿಗೆ ಹಾಕಿದೆ. ಮೇ ತಿಂಗಳು ಬಂತು. ಗಂಡನನ್ನು ಕಳೆದುಕೊಂಡದ್ದಾಯಿತು, ಈ ಮುದುಕನೂ ಕೈಬಿಟ್ಟು ಹೋಗುತ್ತಿದ್ದಾನೆ ಅನ್ನಿಸಿ ನನಗೆ ದಿಗಿಲಾಯಿತು. ಹಾರ್ಲನ್‌ನ ಬೈಗುಳಗಳೆಲ್ಲ ನೆನಪಿದ್ದ ಇನ್ನೊಂದು ಜೀವ ಈ ಭೂಮಿಯ ಮೇಲೆ ಅವನೊಬ್ಬನೇ.

ಟ್ಯಾಂಕು ಕೊಟ್ಟರೆ ಬರುತ್ತಾನೆ ಅಂತ ಲೆಕ್ಕ ಹಾಕಿದೆ. ಅದನ್ನು ಟವೆಲಿನಲ್ಲಿ ಸುತ್ತಿ, ಮಗುವಿನ ಹಾಗೆ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು ಹೊರಟೆ.

ಡೆಲ್ಬರ್ಟ್ ಶೆಡ್ಡಿನಲ್ಲಿ ಯಾವುದೋ ಸೈಕಲ್ಲಿನ ಮುಂದಿನ ಚಕ್ರದ ಕ್ರೋಮನ್ನು ಒದ್ದೆ ಅಲ್ಯೂಮಿನಿಯಂ ಹಾಳೆಯ ಉಂಡೆಯಿಂದ ಉಜ್ಜುತ್ತಾ ಕೂತಿದ್ದ. ಗಡ್ಡ ಬೆಳೆದಿತ್ತು. ಆ ಸೈಕಲ್ಲು ಅವನ ಪಕ್ಕದಲ್ಲೇ ನಿಂತಿತ್ತು, ನಡುವೆ ಟ್ಯಾಂಕಿನ ಜಾಗ ಖಾಲಿ ಇಟ್ಟುಕೊಂಡು.

"ಏನಯ್ಯಾ, ಬದುಕಿದ್ದೀಯಾ?" ಅಂದೆ.

"ಬಾ ವೆಲ್ಡಾ. ಕೂರೋಕೆ ಜಾಗ ಇಲ್ಲ."

"ಕೂರೋಕೆ ಬಂದಿಲ್ಲ. ತಗೋ." ಟವೆಲ್ ಬಿಚ್ಚಿ ಟ್ಯಾಂಕನ್ನು ಅವನ ತೊಡೆಯ ಮೇಲಿಟ್ಟೆ. "ದುಡ್ಡು ಗಿಡ್ಡು ಅಂದ್ರೆ ಹಲ್ಲು ಉದುರಿಸ್ತೀನಿ. ಸುಮ್ನೆ ಇಟ್ಕೋ."

ಅವನು ಕೈ ಒರೆಸಿಕೊಂಡು ಎದ್ದು, ಅದನ್ನು ಕೊಳವೆಗಳ ನಡುವೆ ಮೆಲ್ಲಗೆ ತೂರಿಸಿದ. ಸರಿಯಾಗಿ ಕೂತಿತು. ಬಲಗಡೆ ಸೈಕಲ್ಲಿನ ಕಡುಗೆಂಪಿಗೂ ಟ್ಯಾಂಕಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಎಡಗಡೆ ಬಂದು ನೋಡಿದರೆ ಟ್ಯಾಂಕು ಬಿಳುಚಿಕೊಂಡು ಗುಲಾಬಿಯಾಗಿತ್ತು. ಇಪ್ಪತ್ತು ವರ್ಷ ಆ ಮಗ್ಗುಲು ನನ್ನ ಕಿಟಕಿಯ ಬಿಸಿಲು ಕುಡಿದಿತ್ತು.

"ನೋಡಿದ್ಯಾ, ಬೇಕಂತಲೇ ಬಿಸಿಲಲ್ಲಿ ಇಟ್ಟಿದ್ದಾನೆ, ಹಲ್ಕಾ ನನ್ಮಗ," ಅಂದ ಡೆಲ್ಬರ್ಟ್.

"ಬೇಕಂತ ಏನಲ್ಲ. ಅವನಿಗೆ ಅಷ್ಟು ಬುದ್ಧಿ ಎಲ್ಲಿತ್ತು? ಸ್ಕ್ರೂ ಹಾಕು."

ಸ್ಕ್ರೂಗಳು ಅವನ ಬಳಿ ಮೊದಲಿಂದಲೂ ಸಿದ್ಧವಿದ್ದವು. ಒಂದನ್ನು ತೂತಿಗೆ ಹಿಡಿದ. ಹಾಗೇ ನಿಂತ.

"ಕಣ್ಣು ಕಾಣ್ತಿಲ್ವಾ? ಕೊಡಿಲ್ಲಿ, ನಾನು ಹಾಕ್ತೀನಿ."

"ಕಣ್ಣಲ್ಲ ಕಣೇ." ಸ್ಕ್ರೂವನ್ನು ಕೆಳಗಿಟ್ಟ. "ಇದು ಕೂಡಿಬಿಟ್ರೆ ಮುಗೀತಲ್ಲ. ಅವನ ಹತ್ರ ಕೇಳೋಕೆ ಇನ್ನೇನು ಉಳೀತು ನಂಗೆ? ಯಾವ ಮುಖ ಇಟ್ಕೊಂಡು ನಿನ್ನ ಮನೆಗೆ ಬರ್ಲಿ?"

"ಪೈ ತಿನ್ನೋಕೆ ಬಾ. ಅದಕ್ಕೂ ಮುಖ ಬೇಕಾ?"

"ಸುಮ್ನೆ ಬಂದು ಕೂತ್ಕೊಂಡು ಹೋಗೋದು ನಂಗೆ ಬರಲ್ಲ ವೆಲ್ಡಾ. ಪ್ರಯತ್ನಪಟ್ಟೆ. ಎರಡು ಸಲ ನಿಮ್ಮ ಬೀದಿ ತನಕ ಬಂದೆ. ಏನು ಹೇಳ್ಕೊಂಡು ಒಳಗೆ ಬರಬೇಕು ಅಂತ ತಿಳೀದೆ ವಾಪಸ್ ಹೋದೆ."

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ನನ್ನ ಮೇಲೆ. ಅವನನ್ನು ಕರೆತರಲು ಹೊರಟವಳು ಅವನು ಬರುವ ದಾರಿಯನ್ನೇ ಕಿತ್ತು ಟವೆಲಿನಲ್ಲಿ ಸುತ್ತಿ ತಂದಿದ್ದೆ. ಈ ಗಂಡಸರು ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾರದೆ ಬಿಡಿಭಾಗಗಳಲ್ಲಿ ಇಟ್ಟಿರುತ್ತಾರೆ ಅಂತ ನನಗೆ ಎಂದೋ ತಿಳಿಯಬೇಕಿತ್ತು.

ಟ್ಯಾಂಕನ್ನು ಎರಡು ಕೈಯಲ್ಲಿ ಹಿಡಿದು ಈಚೆಗೆಳೆದೆ. ಡೆಲ್ಬರ್ಟ್ ಬೆಚ್ಚಿಬಿದ್ದ.

"ಏನ್ ಮಾಡ್ತಿದ್ದೀಯಾ?"

"ಯೋಚನೆ ಬದಲಾಯಿಸ್ದೆ. ಇದು ನನ್ನ ಗಂಡನ ಆಸ್ತಿ, ನಾನ್ಯಾಕೆ ನಿಂಗೆ ಕೊಡ್ಲಿ? ಆ ಸೈಕಲ್ಲನ್ನ ನೀನೇ ನಂಗೆ ಕೊಡು."

"ನಿಂಗಾ? ಸೈಕಲ್ಲಾ?" ಅವನ ಮುಖಕ್ಕೆ ರಕ್ತ ನುಗ್ಗಿತು. "ಚೈನು ಯಾವ ಕಡೆ ಇರುತ್ತೆ ಅಂತಾನೂ ಗೊತ್ತಿಲ್ಲ ನಿಂಗೆ!"

"ಬಲಗಡೆ ಕಣೋ, ಗೂಬೆ. ಸೈಕಲ್ಲಿನವನ ಜೊತೆ ನಲವತ್ತು ವರ್ಷ ಬಾಳಿದವಳು ನಾನು!"

"ಬಾಳಿದ್ರೆ? ಬಾಳಿದ ಮಾತ್ರಕ್ಕೆ ಬಂತಾ? ಆ ಟ್ಯಾಂಕನ್ನ ಬಿಸಿಲಲ್ಲಿ ಬೇಯಿಸಿದವಳು ನೀನು!"

ಅವನು ಧ್ವನಿ ಏರಿಸಿದ್ದ. ಮಾರ್ಚಿನಿಂದ ಎಲ್ಲರೂ ನನ್ನ ಹತ್ತಿರ ಪಿಸುಗುಟ್ಟುತ್ತಲೇ ಮಾತಾಡಿದ್ದರು. ನಾನು ಅವನಿಗಿಂತ ಜೋರಾಗಿ ಕೂಗಿದೆ, "ಟ್ಯಾಂಕು ಬೇಕಾದ್ರೆ ಭಾನುವಾರ ಬಂದು ಕೇಳು!"